ಆ್ಯಪ್‌ಗಳಿಗೂ ಗೇಟ್‌ಪಾಸ್

ಕೆಲವರ ಜಾತಕದಲ್ಲಿ ರಾಜಯೋಗ ಇರುತ್ತದೆ. ನನ್ನದರಲ್ಲಿ ಇರುವುದು "ಮೇಡಂ, ಒಂದ್ನಿಮಿಷ ಬರ್ತೀರಾ" ಯೋಗ. ಹೈದರಾಬಾದಿನ ಹೊರಗಿನ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಕಂಪ್ಯೂಟರುಗಳು ಪಾಪ, ಅಂಥ ತೊಂದರೆಯನ್ನೇನೂ ಕೊಡುವುದಿಲ್ಲ. ಅವುಗಳ ಮುಂದೆ ಕೂತವರು ಮಾತ್ರ ನನ್ನನ್ನು ಒಂದು ದಿನವೂ ನಗಿಸದೆ ಮನೆಗೆ ಕಳಿಸಿದ್ದಿಲ್ಲ, ಅಳಿಸದೆಯೂ ಕಳಿಸಿದ್ದಿಲ್ಲ.

೧. ರಾಹುಕಾಲ

ಎಲ್ಲದರ ಮೂಲ ನಮ್ಮ ಅಕೌಂಟೆಂಟರು. ರಾಯಚೂರು ಕಡೆಯ ಸಾತ್ವಿಕರು. ರಾಹುಕಾಲ ನೋಡದೆ ಬಿಲ್ಲಿಗೆ ಸಹಿ ಹಾಕದವರು. ಅವರು ಎಲ್ಲಿಂದಲೋ ರಾಹುಕಾಲ ತೋರಿಸುವ ಒಂದು ಪುಗಸಟ್ಟೆ ಪ್ರೋಗ್ರಾಂ ಇಳಿಸಿಕೊಂಡರು. ಅದರೊಳಗಿದ್ದ ವೈರಸ್ಸು ಅವರ ಕಂಪ್ಯೂಟರಿನಿಂದ ಸ್ಟೋರಿಗೆ, ಸ್ಟೋರಿನಿಂದ ಪ್ಯಾಕಿಂಗಿಗೆ ಹಬ್ಬಿತು. ನಾನು ಎರಡು ವಾರ ಶೆಡ್ಡಿನಿಂದ ಶೆಡ್ಡಿಗೆ, ನೆಲಮಹಡಿಯಿಂದ ಮೂರನೆಯ ಮಹಡಿಗೆ ಓಡಾಡಿದೆ. ನಮ್ಮಲ್ಲಿ ಲಿಫ್ಟ್ ಇದೆ, ಆದರೆ ಅದು ಸಾಮಾನಿಗೆ ಮಾತ್ರ. ಮನುಷ್ಯರು ಹತ್ತಬಾರದು ಎಂದು ಮೂರು ಭಾಷೆಯಲ್ಲಿ ಬರೆದಿದ್ದಾರೆ.

ನನ್ನ ಬಲಮೊಣಕಾಲು ಆಗಲೇ ತೀರ್ಮಾನಿಸಿತು, ಇನ್ನು ಸಾಧ್ಯವಿಲ್ಲ ಎಂದು. ನಾನು ಎಲ್ಲ ಕಂಪ್ಯೂಟರುಗಳಿಗೂ ಲಿನಕ್ಸ್ ಹಾಕಿ, ಆ್ಯಪ್‌ಗಳನ್ನೆಲ್ಲ ಫ್ಲ್ಯಾಟ್‌ಪ್ಯಾಕ್ ಎಂಬ ವ್ಯವಸ್ಥೆಗೆ ತಂದೆ. ಅದರಲ್ಲಿ ಒಂದೊಂದು ಆ್ಯಪ್ ಒಂದೊಂದು ಡಬ್ಬಿಯೊಳಗೆ ಇರುತ್ತದೆ. ಡಬ್ಬಿಯಿಂದ ಕೈ ಚಾಚಿ ಫೈಲು, ಪ್ರಿಂಟರು, ಕ್ಯಾಮೆರಾ ಏನು ಮುಟ್ಟಬೇಕಾದರೂ ಅಪ್ಪಣೆ ಬೇಕು. ಆ ಅಪ್ಪಣೆಯನ್ನು ನಾನು ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪು ಮಾಡಿ, ಕುರ್ಚಿಯಿಂದ ಏಳದೆ, ಯಾವ ಶೆಡ್ಡಿಗೆ ಬೇಕಾದರೂ ಕೊಡಬಹುದು. ಕಂಪನಿಯ ಭದ್ರತೆಗಾಗಿ ಎಂದು ಎಲ್ಲರಿಗೂ ಹೇಳಿದೆ. ಮೊಣಕಾಲಿನ ವಿಷಯ ಯಾರಿಗೂ ಹೇಳಲಿಲ್ಲ.

ಸಾಹೇಬರು, ಅಂದರೆ ಮಾಲೀಕರು, ಒಪ್ಪಿದರು. ಜೊತೆಗೆ ತೆಲುಗಿನಲ್ಲಿ ಒಂದು ಷರತ್ತು ಹಾಕಿದರು: ಈ ಡಬ್ಬಿಗಳ ದೆಸೆಯಿಂದ ಒಂದು ದಿನ ಕೆಲಸ ನಿಂತರೂ ಡಬ್ಬಿ ಗೇಟಿನ ಹೊರಗೆ, ನಾನು ಮತ್ತೆ ಮೆಟ್ಟಿಲ ಮೇಲೆ.

ಅಕೌಂಟೆಂಟರು ಬಂದು ಕೈ ಮುಗಿದು, ಇಷ್ಟೆಲ್ಲ ಆದದ್ದು ತಮ್ಮಿಂದ ಎಂದು ಕ್ಷಮೆ ಕೇಳಿದರು. ಇರಲಿ ಬಿಡಿ ಎಂದೆ. ಹೋಗುತ್ತಾ ತಿರುಗಿ ಕೇಳಿದರು, "ಮೇಡಂ, ಆ ರಾಹುಕಾಲದ್ದು ಡಬ್ಬ್ಯಾಗ ಸಿಗತದೇನ್ರಿ?"

೨. ಅತ್ತೆಯ ಮಡಿ

ಆಫೀಸಿನಲ್ಲಿ ಯಾರಿಗೂ ಈ ಡಬ್ಬಿಯ ತತ್ವ ತಲೆಗೆ ಹೋಗಲಿಲ್ಲ. ಫೈಲು ಎದುರಿಗೇ ಇದೆ, ಆ್ಯಪ್‌ಗೆ ಯಾಕೆ ಕಾಣುವುದಿಲ್ಲ ಎಂದು ಬೆಳಗಿನಿಂದ ಸಂಜೆಯವರೆಗೆ ಅದೇ ರಾಗ. ಒಂದು ದಿನ ಲಿಂಗಂಪಲ್ಲಿಯ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಈ ಗೋಳು ತೋಡಿಕೊಂಡೆ. ಅತ್ತೆ ಮಡಿಯುಟ್ಟು ಅಡುಗೆ ಕಟ್ಟೆಯ ಮುಂದೆ ನಿಂತಿದ್ದರು. ಅವರು ಕಂಪ್ಯೂಟರನ್ನು ಮುಟ್ಟಿದವರಲ್ಲ. ಮಡಿಯಲ್ಲಿದ್ದಾಗ ನನ್ನನ್ನೂ ಮುಟ್ಟಿದವರಲ್ಲ.

ಪೂರ್ತಿ ಕೇಳಿಸಿಕೊಂಡು, ಇದರಲ್ಲಿ ತಿಳಿಯದೇ ಇರುವುದಕ್ಕೆ ಏನಿದೆ, ಆ್ಯಪು ಮಡಿಯಲ್ಲಿದೆ ಎಂದರು. ತಾನಾಗಿ ಏನನ್ನೂ ಮುಟ್ಟುವ ಹಾಗಿಲ್ಲ, ಮೈಲಿಗೆಯಲ್ಲಿದ್ದವರು ದೂರದಿಂದ ಎತ್ತಿ ಕೊಡಬೇಕು, ಅಷ್ಟೇ ತಾನೆ. ನಾನು ಎರಡು ತಿಂಗಳಿಂದ ಹೇಳಲು ಒದ್ದಾಡಿದ್ದನ್ನು ಈಕೆ ಒಗ್ಗರಣೆ ಹಾಕುವಷ್ಟರಲ್ಲಿ ಹೇಳಿದರು. ಖುಷಿಗೆ ನನ್ನ ಕಣ್ಣಲ್ಲಿ ನೀರೇ ಬಂತು.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು. "ಮನ್ಯಾಗ ಒಂದು ದಿನಾನೂ ಮಡಿ ಉಡವಲ್ಲಿ. ಅಲ್ಲಿ ಹೋಗಿ ಮಶೀನಿಗೆ ಮಡಿ ಉಡಸ್ತಿ. ಪಗಾರ ಕೊಡ್ತಾರ ಅಂದ್ರ ಎಲ್ಲಾ ಬರ್ತದ ನಿನಗ."

೩. ಮನೆತನದ ಹೆಸರು

ಈ ಆ್ಯಪ್‌ಗಳನ್ನು ಕಪ್ಪು ಪರದೆಯಲ್ಲಿ ಕರೆಯಲು ಪೂರ್ತಿ ಹೆಸರು ಬೇಕು. ಮೊದಲು ಗೋತ್ರದಂಥದೊಂದು, ಆಮೇಲೆ ಮನೆತನ, ಕೊನೆಗೆ ಅದರ ಹೆಸರು, ನಡುನಡುವೆ ಚುಕ್ಕೆ. ಸ್ಟೋರಿನ ತೆಲುಗು ಹುಡುಗಿ ಒಂದೇ ದಿನಕ್ಕೆ ಕಲಿತಳು. ಅವರಲ್ಲಿ ಮನೆತನದ ಹೆಸರು ಮೊದಲೇ ಬರುತ್ತದಲ್ಲ. ನಮ್ಮ ಅಕೌಂಟೆಂಟರು ಮಾತ್ರ ಆ್ಯಪ್‌ನ ಹೆಸರು ಮೊದಲು ಬರೆದು ಮನೆತನವನ್ನು ಕೊನೆಗೆ ಹಾಕುತ್ತಿದ್ದರು. ಇಂಥ ಆ್ಯಪ್ ಯಾವುದೂ ಇಲ್ಲ ಎಂದು ಕಂಪ್ಯೂಟರು ಹೇಳುತ್ತಿತ್ತು.

ಮನೆತನ ಮೊದಲು ಬರಬೇಕು ಎಂದು ತಿದ್ದಿದೆ. ಅವರಿಗೆ ಬೇಜಾರಾಯಿತು. ಹೈದರಾಬಾದಿಗೆ ಬಂದ ಮೇಲೆ ರೇಷನ್ ಕಾರ್ಡಿನಲ್ಲಿ ತಮ್ಮ ಹೆಸರನ್ನು ಹೀಗೇ ಹಿಂದುಮುಂದು ಮಾಡಿದರಂತೆ. "ನನ್ನ ಹೆಸರು ತಿರುವಿದ್ರು, ಸುಮ್ಮನಿದ್ದೆ. ಈಗ ಕಂಪ್ಯೂಟರಿಗೂ ಕಲಿಸಿದ್ರೇನ್ರಿ?"

೪. ಬಸ್ಸಿನಲ್ಲಿ ಗುಟ್ಟು

ಒಂದು ಬೆಳಿಗ್ಗೆ ನಾನಿನ್ನೂ ಪಟಾನ್‌ಚೆರು ಬಸ್ಸಿನಲ್ಲಿದ್ದೆ. ಅಕೌಂಟೆಂಟರ ಫೋನು ಬಂತು. ಮಾಲು ತುಂಬಿದ ಲಾರಿ ಗೇಟಿನಲ್ಲಿ ನಿಂತಿದೆ, ಬಿಲ್ಲು ಪ್ರಿಂಟಾಗುತ್ತಿಲ್ಲ, ಮತ್ತು ಸಾಹೇಬರು ಬಾಲ್ಕನಿಯಲ್ಲಿ ನಿಂತು ಲಾರಿಯನ್ನೇ ನೋಡುತ್ತಿದ್ದಾರೆ. ನನಗೆ ಸಾಹೇಬರ ಷರತ್ತು ನೆನಪಾಯಿತು. ಬಿಲ್ಲಿನ ಆ್ಯಪ್‌ಗೆ ಪ್ರಿಂಟರಿನ ಅಪ್ಪಣೆ ಕೊಡುವ ಸಾಲನ್ನು ಅಕ್ಷರ ಅಕ್ಷರವಾಗಿ ಹೇಳಿ ಟೈಪು ಮಾಡಿಸಿದೆ. ಮನೆತನ ಮೊದಲು ಎಂದು ನೆನಪಿಸಿದೆ. ಕೊನೆಗೆ ಕಂಪ್ಯೂಟರು ನನ್ನ ಪಾಸ್‌ವರ್ಡ್ ಕೇಳಿತು.

ಸುತ್ತ ನೋಡಿದೆ. ಬಸ್ಸಿನ ತುಂಬ ಕೂಲಿಯವರು, ಕಂಡಕ್ಟರ್ ತೆಲುಗು, ಮುಂದಿನ ಸೀಟಿನವರು ಹಿಂದಿ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಗುಟ್ಟು ಮಾತಾಡುವುದು ಹೀಗೇ. ಅಂಗಡಿಯವನ ಮುಂದೆ ಸೀರೆ ಚೆನ್ನಾಗಿಲ್ಲ ಎನ್ನುವುದೂ ಕನ್ನಡದಲ್ಲೇ. ಹಾಗಾಗಿ ಧೈರ್ಯವಾಗಿ ಹೇಳಿದೆ, ಬದ್ನಿಕಾಯಿ ಎಣಗಾಯಿ, ಇಂಗ್ಲಿಷ್ ಅಕ್ಷರದಲ್ಲಿ, ಕೊನೆಗೆ ಅಂಕಿ ನಾಕು.

ಅಕೌಂಟೆಂಟರಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಆಗಲೂ ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಪಕ್ಕದಲ್ಲಿ ಸಿಮೆಂಟು ಹೊರುವ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ಕಷ್ಟ ನೋಡಲಾರದೆ ಫೋನು ಕೈಗೆ ತೆಗೆದುಕೊಂಡಳು. "ಬದ್ನಿಕಾಯಿ ಎಣಗಾಯಿ ಅಂತ್ರೀ ಸಾಹೇಬ್ರ. ಎಣಗಾಯಿ." ಹಿಂದಿನ ಸೀಟಿನಿಂದ ಒಬ್ಬ ಮುದುಕ ಸೇರಿಸಿದ, "ನಾಕು ಮರೀಬ್ಯಾಡ ಅಂತ ಹೇಳವ್ವ." ಅರ್ಧ ಬಸ್ಸು ಯಾದಗಿರಿಯದು. ಇನ್ನರ್ಧ ಕಲಬುರಗಿಯದು.

ಬಿಲ್ಲು ಪ್ರಿಂಟಾಯಿತು, ಲಾರಿ ಹೊರಟಿತು, ಡಬ್ಬಿ ಉಳಿಯಿತು. ಆಫೀಸಿಗೆ ಹೋದವಳೇ ಪಾಸ್‌ವರ್ಡ್ ಬದಲಿಸಿದೆ. ಮರುದಿನ ಬಸ್ಸಿನಲ್ಲಿ ಅದೇ ಹೆಂಗಸು ಸರಿದು ಜಾಗ ಕೊಟ್ಟು, ಬದಲಿಸಿದಿರಾ ಎಂದು ಕೇಳಿದಳು. ಹೂಂ ಎಂದೆ. "ಹೊಸಾದೇನಿಟ್ರೆವ್ವ? ನಿಮ್ಮ ಸಾಹೇಬ್ರಿಗೆ ಕಿವಿ ಕೇಳಂಗಿಲ್ಲ, ನಮಗ ಹೇಳಿ ಇಡ್ರಿ."

೫. ಹವಾಲ್ದಾರರ ದರ್ಬಾರು

ಆ ಲಾರಿಯ ಪ್ರಸಂಗದ ಮೇಲೆ ಎಲ್ಲರನ್ನೂ ಕೂಡಿಸಿ ಕೊನೆಯ ಸಲ ವಿವರಿಸಿದೆ. ಮಡಿಯ ಮಾತು ಆಫೀಸಿನಲ್ಲಿ ಆಡುವಂತಿಲ್ಲ. ಹಾಗಾಗಿ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಹಿಡಿದೆ: ಆ್ಯಪ್‌ಗೆ ಕೊಡುವ ಅಪ್ಪಣೆ ಅಂದರೆ ಗೇಟ್‌ಪಾಸ್ ಇದ್ದ ಹಾಗೆ. ನಮ್ಮಲ್ಲಿ ಗೇಟ್‌ಪಾಸ್ ಇಲ್ಲದೆ ಸೂಜಿಯೂ ಆಚೀಚೆ ಹೋಗುವುದಿಲ್ಲ. ಎಲ್ಲರ ಮುಖದಲ್ಲೂ ಬೆಳಕು ಮೂಡಿತು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವುದು ನನ್ನಂಥವರನ್ನು ನೋಡಿಯೇ.

ಮಧ್ಯಾಹ್ನ ಗೇಟಿನ ಹವಾಲ್ದಾರರು ಬಂದರು. ಬೀದರಿನವರು, ಮಿಲಿಟರಿಯಿಂದ ರಿಟೈರಾದವರು. "ಗೇಟ್‌ಪಾಸ್ ಅಂದ್ರ ನನ್ನ ಡಿಪಾರ್ಟ್‌ಮೆಂಟ್ ಮೇಡಂ" ಎಂದು ನನ್ನ ಕುರ್ಚಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಸಾಹೇಬರನ್ನು ಕೇಳಿಯೇ ಬಂದಿದ್ದರು. ಅಂದಿನಿಂದ ಅವರು ಹೂಂ ಅನ್ನದೆ ನಾನು ಯಾವ ಆ್ಯಪ್‌ಗೂ ಏನೂ ಕೊಡುವಂತಿಲ್ಲ.

ಅವರ ವಿಚಾರಣೆ ನೋಡಬೇಕಿತ್ತು. ಕ್ಯಾಲ್ಕುಲೇಟರಿಗೆ ಇಂಟರ್ನೆಟ್ ಯಾಕೆ, ಲೆಕ್ಕ ಮಾಡುವುದು ಬಿಟ್ಟು ಊರ ಸುದ್ದಿ ಯಾಕೆ ಎಂದರು. ಆ ಅಪ್ಪಣೆ ಕಿತ್ತುಹಾಕಿದೆ. ಫೋಟೋ ಕತ್ತರಿಸುವ ಒಂದು ಚಿಕ್ಕ ಆ್ಯಪ್ ತರಿಸಿದರೆ ಅದರ ಹಿಂದೆ ಅದಕ್ಕೆ ಬೇಕಾದ ರಾಶಿ ಸಾಮಾನೂ ಇಳಿಯಿತು. ವರ ಒಬ್ಬ, ದಿಬ್ಬಣ ಇಷ್ಟೊಂದು ಎಂದು ಗೊಣಗಿದರು. ಕ್ಯಾಮೆರಾ ಮಾತ್ರ ಸಾಹೇಬರೊಬ್ಬರಿಗೆ ಬಿಟ್ಟು ಯಾರಿಗೂ ಕೊಡಲಿಲ್ಲ. ಸಂಜೆ ಐದೂವರೆಗೆ ಹಾಜರಿ. ಎಲ್ಲೆಲ್ಲಿ ಯಾವ ಆ್ಯಪ್ ಇನ್ನೂ ನಡೆಯುತ್ತಿದೆ ಎಂದು ನಾನು ಕಪ್ಪು ಪರದೆಯಲ್ಲಿ ತೋರಿಸಬೇಕು. ಒಳಗೆ ಉಳಿದದ್ದನ್ನು ಕಿಲ್ ಎಂಬ ಆಜ್ಞೆ ಕೊಟ್ಟು ಮುಚ್ಚಿಸಬೇಕು. ಒಳಗೆ ಹೋದದ್ದು ಹೊರಗೆ ಬರದೆ ಅವರು ಗೇಟು ಹಾಕಿದವರಲ್ಲ.

ಇದೆಲ್ಲ ಸಹಿಸಬಹುದಿತ್ತು. ಆದರೆ ಗೇಟ್‌ಪಾಸಿನಲ್ಲಿ ಎರಡು ಜಾತಿ. ವಾಪಸ್ ಬರಬೇಕಾದ ವಸ್ತುವಿಗೆ ರಿಟರ್ನೆಬಲ್, ಬರದಿದ್ದರೂ ನಡೆಯುವುದಕ್ಕೆ ನಾನ್-ರಿಟರ್ನೆಬಲ್. ಲೇಬಲ್ ಡಿಸೈನ್ ಮಾಡುವವನ ಆ್ಯಪ್‌ಗೆ ಪೆನ್‌ಡ್ರೈವ್ ನೋಡುವ ಅಪ್ಪಣೆ ಕೊಡುವಾಗ ಹವಾಲ್ದಾರರು ರಿಟರ್ನೆಬಲ್ ಎಂದು ಬರೆದುಕೊಂಡರು. ಸಂಜೆ ಅವನ ಮುಂದೆ ನಿಂತು, ನಿನ್ನ ಆ್ಯಪು ನೋಡಿದ್ದನ್ನೆಲ್ಲ ವಾಪಸ್ ಮಾಡು ಎಂದರು. ಅವನಿಗೆ ಮನೆಗೆ ಹೋಗುವ ಅವಸರ. ಸ್ವಲ್ಪ ಹೊತ್ತು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ನಿಂತ. ಹವಾಲ್ದಾರರು ಸಮಾಧಾನಪಟ್ಟು ಸಹಿ ಹಾಕಿದರು.

೬. ಸಾಹೇಬರ ಬೀಗರು

ಒಂದು ಶನಿವಾರ ಐದೂವರೆಯ ಹಾಜರಿಯಲ್ಲಿ ಎಲ್ಲ ಆ್ಯಪ್‌ಗಳೂ ಹೊರಗೆ ಬಂದಿದ್ದವು. ಮೂರನೆಯ ಮಹಡಿಯಲ್ಲಿ ಸಾಹೇಬರ ಕಂಪ್ಯೂಟರಿನಲ್ಲಿ ಮಾತ್ರ ಒಂದು ಆ್ಯಪ್ ಇನ್ನೂ ಒಳಗಿತ್ತು. ಅದು ವಿಡಿಯೋದಲ್ಲಿ ಮಾತಾಡುವ ಆ್ಯಪ್. ಸಾಹೇಬರು ಇರಬಹುದು ಎಂದು ನಾನು ಅನುಮಾನಿಸಿದೆ. ಹವಾಲ್ದಾರರು ಕಿಟಕಿಯಿಂದ ತೋರಿಸಿದರು. ಸಾಹೇಬರ ಕಾರು ಗೇಟಿನ ಹತ್ತಿರ ಬಂದು ನಿಂತಿತ್ತು, ಡ್ರೈವರ್ ಬಾಗಿಲು ತೆಗೆದಿದ್ದ. ಸಾಹೇಬರು ಎಂದಿನಂತೆ ತೆರೆದಿಟ್ಟು ಇಳಿದುಬಿಟ್ಟಿದ್ದಾರೆ ಎಂದರು ಹವಾಲ್ದಾರರು. ನಾನು ಕಿಲ್ ಎಂದು ಟೈಪು ಮಾಡಿ, ಸಾಹೇಬರಿಗೆ ತಕ್ಕ ಗೌರವದಿಂದ, ಮೆಲ್ಲಗೆ ಎಂಟರ್ ಒತ್ತಿದೆ.

ಮರುಕ್ಷಣ ಇಂಟರ್‌ಕಾಂ ಹೊಡೆದುಕೊಂಡಿತು. ಮೇಲೆ ಬನ್ನಿ ಎಂದರು ಸಾಹೇಬರು.

ಮೂರು ಮಹಡಿ ಹತ್ತಿದೆ. ಒಂದೊಂದು ಮೆಟ್ಟಿಲಿಗೂ ಮೊಣಕಾಲು ಹೇಳಿತು, ಅಭ್ಯಾಸ ಮಾಡಿಕೋ, ನಾಳೆಯಿಂದ ದಿನಾ ಇದೇ. ನಿಜಕ್ಕೂ ಅಳು ಬರುವಂತಾಗಿತ್ತು. ಹವಾಲ್ದಾರರು ಹಿಂದೆಯೇ ಬಂದರು. ಅಷ್ಟು ದಿನ ಪಕ್ಕದಲ್ಲಿ ಕೂತವರು, ಬಿಟ್ಟುಕೊಡಲಾರರು ಎಂದು ಸ್ವಲ್ಪ ಧೈರ್ಯ.

ಸಾಹೇಬರು ಬಾಗಿಲು ಹಾಕಿಸಿ, ಈ ಕಾಲ್ ಕತ್ತರಿಸಿದ್ದು ಯಾರು ಎಂದು ಕೇಳಿದರು.

"ಮೇಡಂ" ಎಂದರು ಹವಾಲ್ದಾರರು, ಅಟೆನ್ಶನ್‌ನಲ್ಲಿ ನಿಂತು.

ಸಾಹೇಬರು ಕುರ್ಚಿಗೆ ಒರಗಿ ದೀರ್ಘವಾಗಿ ಉಸಿರು ಬಿಟ್ಟರು. ಆಮೇಲೆ ತಿಳಿಯಿತು, ಆ ಕಡೆ ಇದ್ದವರು ಅವರ ಮಗಳ ಮಾವ. ಪ್ರತಿ ಶನಿವಾರ ನಾಲ್ಕು ಗಂಟೆಗೆ ಶುರುಮಾಡಿ ತಮ್ಮ ಮೊಣಕಾಲಿನ ಆಪರೇಷನ್ನಿನ ಕಥೆ ಹೇಳುತ್ತಾರೆ. ಬೀಗರು, ಹೆಣ್ಣು ಕೊಟ್ಟ ಮನೆ, ತಾವಾಗಿ ಕಾಲ್ ಕತ್ತರಿಸುವ ಹಾಗಿಲ್ಲ. ಕಾರು ತಂದು ನಿಲ್ಲಿಸಲು ಹೇಳಿ ಒಂದು ಗಂಟೆಯಾಗಿತ್ತು. ಇವತ್ತು ಆ ಮೊಣಕಾಲು ಪರದೆಯ ತುಂಬ ಬಂದು, ಹೊಲಿಗೆ ಎಣಿಸಿ ತೋರಿಸುತ್ತಿರುವಾಗ ಥಟ್ಟನೆ ಎಲ್ಲ ಮಾಯವಾಯಿತಂತೆ. ಈ ಊರಿನಲ್ಲಿ ಮೊಣಕಾಲಿನಿಂದ ತಮ್ಮಷ್ಟು ಕಷ್ಟಪಟ್ಟವರು ಇನ್ನೊಬ್ಬರಿಲ್ಲ ಎಂದರು ಸಾಹೇಬರು. ನಾನು ಮೇಜು ಹಿಡಿದುಕೊಂಡು ಒಂಟಿ ಕಾಲಿನ ಮೇಲೆ ನಿಂತು ಹೌದು ಹೌದು ಎಂದೆ.

ಆಮೇಲೆ ದನಿ ತಗ್ಗಿಸಿ ಕೇಳಿದರು, "ಇದು ಪ್ರತಿ ಶನಿವಾರ ಆಗುತ್ತದಾ?"

ಆಗುತ್ತದೆ ಎಂದೆ. ಡಬ್ಬಿಗಳು ಇನ್ನು ಶಾಶ್ವತ, ಯಾರೂ ಮುಟ್ಟಕೂಡದು ಎಂದು ಸಾಹೇಬರು ಅಲ್ಲೇ ಹೇಳಿಬಿಟ್ಟರು. ನನ್ನ ಕುರ್ಚಿ ಉಳಿಯಿತು. ಸಂತೋಷಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು. ಇಂಟರ್‌ಕಾಂ ಮಾಡಿದರೆ ಬೀಗರಿಗೆ ಕೇಳುತ್ತದೆ. ಕತ್ತರಿಸುವ ಸೂಚನೆಯಾಗಿ ತಾವು ಕೆಮ್ಮಿದರೆ ನನಗೆ ಕೇಳಬೇಕು. ಆದ್ದರಿಂದ ಸೋಮವಾರದಿಂದ ನನ್ನ ಕುರ್ಚಿ ಇಲ್ಲಿ, ಮೂರನೆಯ ಮಹಡಿಯಲ್ಲಿ, ಅವರ ಬಾಗಿಲ ಪಕ್ಕ.

ಯಾವ ಮೆಟ್ಟಿಲು ತಪ್ಪಿಸಲು ಇಷ್ಟೆಲ್ಲ ಮಾಡಿದ್ದೆನೋ ಅದರ ತುದಿಯಲ್ಲೇ ನನಗೆ ಸಿಂಹಾಸನ. ಇಳಿಯುವಾಗ ತಡೆಯಲಾರದೆ ಹವಾಲ್ದಾರರಿಗೆ ಮೊಣಕಾಲಿನ ಕಥೆ ಪೂರ್ತಿ ಹೇಳಿ, ನನ್ನ ಹೆಸರು ಹೇಳಿ ಪಾರಾದದ್ದಕ್ಕೆ ನಾಲ್ಕು ಮಾತೂ ಅಂದೆ.

ಸೋಮವಾರ ಬೆಳಿಗ್ಗೆ ನನ್ನ ಕುರ್ಚಿ ಸಾಮಾನಿನ ಲಿಫ್ಟಿನ ಬಾಗಿಲಲ್ಲಿತ್ತು. ಹವಾಲ್ದಾರರು ಪಕ್ಕದಲ್ಲಿ ನಿಂತು, ಕೂಡ್ರಿ ಎಂದರು. ಮನುಷ್ಯರು ಹತ್ತಬಾರದಲ್ಲ ಎಂದೆ. "ಮನಶ್ಯಾರು ಹತ್ತಂಗಿಲ್ರಿ. ಸಾಮಾನು ಹತ್ತತದ" ಎಂದು ಗೇಟ್‌ಪಾಸ್ ತೆಗೆದರು. ಕುರ್ಚಿ, ನಾನ್-ರಿಟರ್ನೆಬಲ್. ಅದರ ಕೆಳಗೆ ಮೇಡಂ, ರಿಟರ್ನೆಬಲ್, ಸಂಜೆ ಐದೂವರೆಯೊಳಗೆ. ವಸ್ತುವಿನ ಸ್ಥಿತಿ ಎಂಬ ಕಾಲಂ ಒಂದು ಖಾಲಿ ಉಳಿದಿತ್ತು. ಹವಾಲ್ದಾರರು ಪೆನ್ನು ಎತ್ತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು, ಮೊಣಕಾಲಿನ ಹತ್ತಿರ ನೋಟ ನಿಲ್ಲಿಸಿದರು, ಆಮೇಲೆ ಬರೆದರು: "ಹಳೇದು. ಚಾಲೂ ಅದ."