ಮರಾಠಿ ಬಾರದ ನಮ್ಮತ್ತೆ

ನಮ್ಮತ್ತೆಗೆ ಮರಾಠಿ ಬರುವುದಿಲ್ಲ. ಮದುವೆಯಾಗಿ ಮರಾಠಿ ಸೀಮೆಯ ನಿಲಂಗಾಕ್ಕೆ ಬಂದು ಐವತ್ತೆರಡು ವರ್ಷವಾಯಿತು, ಇವತ್ತಿಗೂ ಒಂದಕ್ಷರ ಬರುವುದಿಲ್ಲ. ಹಾಗಂತ ಅವರೇ ಹೇಳುತ್ತಾರೆ. ಯಾವ ಭಾಷೆಯಲ್ಲಿ ಅಂತೀರಿ? ಅಚ್ಚ ಮರಾಠಿಯಲ್ಲಿ! “ಮಲಾ ಮರಾಠಿ ಯೇತ ನಾಹೀ ಬಾಬಾ” ಎಂದು ಶುರುಮಾಡಿ, ಕೊತ್ತಂಬರಿ ಮಾರುವವಳ ಜೊತೆ ಕಾಲು ಗಂಟೆ ಜಗಳವಾಡಿ, ಅವಳ ಅಜ್ಜಿ ಮಾಡಿದ ತಪ್ಪನ್ನೂ ಎತ್ತಿ ಆಡಿ, ಮೇಲೊಂದು ಕಟ್ಟು ಪುಕ್ಕಟೆ ಹಾಕಿಸಿಕೊಂಡು ಬರುತ್ತಾರೆ. ಸಂಜೆ ಟೀವಿಯಲ್ಲಿ ಮರಾಠಿ ಧಾರಾವಾಹಿ ತಪ್ಪಿಸುವುದಿಲ್ಲ. ಕೇಳಿದರೆ, “ನಂಗೇನ್ ತಿಳೀತದವ್ವಾ, ಸೀರಿ ನೋಡ್ಲಾಕ ಕುಂತೀನಿ” ಎನ್ನುತ್ತಾರೆ. ಮರುದಿನ ಬೆಳಗ್ಗೆ ರೊಟ್ಟಿ ಬಡಿಯುವಾಗ ಆ ಧಾರಾವಾಹಿಯ ಸೊಸೆ ಅತ್ತೆಗೆ ಏನೇನು ಅಂದಳು, ಅತ್ತೆ ಏನೇನು ಅನ್ನಬೇಕಾಗಿತ್ತು ಎಂಬುದೆಲ್ಲ ನನಗೆ ಪಾಠವಾಗುತ್ತದೆ.

ಇದರ ಹಿಂದಿನ ಕಥೆ ಇಷ್ಟು. ನಮ್ಮ ಮಾವನವರದು ನಿಲಂಗಾದ ಬಜಾರಿನಲ್ಲಿ ಕಾಳುಕಡಿ ಅಂಗಡಿ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಮರಾಠಿ. ಈ ಕಡೆ ಅಂಥ ಮನೆಗಳು ಬೇಕಾದಷ್ಟಿವೆ. ಅತ್ತೆಯೋ ಗಡಿಯಾಚೆ ಆಳಂದದ ಕಡೆಯವರು, ಬರೀ ಕನ್ನಡ. ಹೊಸ ಸೊಸೆ ಆರು ತಿಂಗಳಲ್ಲಿ ಮರಾಠಿ ಕಲಿಯುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರಂತೆ. ಆದದ್ದೇನು? ಆರು ತಿಂಗಳಲ್ಲಿ ಮಾವನವರೇ ಕನ್ನಡ ಕಲಿತರು! ಯಾಕೆಂದರೆ ಊಟಕ್ಕೆ ಕೂತು “ಭಾಕರಿ ದೇ” ಎಂದರೆ ಅಡಿಗೆಮನೆಯಿಂದ ಉಸಿರೇ ಬರುತ್ತಿರಲಿಲ್ಲ. “ರೊಟ್ಟಿ ಕೊಡು” ಎಂದರೆ ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ಹಸಿವಿನಂಥ ಮೇಷ್ಟ್ರು ಇನ್ನೊಬ್ಬರಿಲ್ಲ ನೋಡಿ. ಮುಂದೆ ಮೈದುನಂದಿರು ಚಹಾಕ್ಕಾಗಿ ಕಲಿತರು, ನಾದಿನಿಯರು ಉಪ್ಪಿನಕಾಯಿಗಾಗಿ ಕಲಿತರು. ಹೀಗೆ ಒಂದು ಇಡೀ ಮನೆತನ ಹೊಟ್ಟೆಯ ಮೂಲಕ ಕನ್ನಡವಾಯಿತು.

ನನ್ನನ್ನು ಸೊಸೆ ಮಾಡಿಕೊಂಡದ್ದೂ ಹಾಗೆಯೇ. ನಾನು ಉಮರ್ಗಾದವಳು, ಕನ್ನಡದ ಮನೆಯವಳು. ಹೆಣ್ಣು ನೋಡಲು ಬಂದ ದಿನ ಅತ್ತೆ ಅಡಿಗೆ ಬರುತ್ತದೆಯೇ ಎಂದು ಕೇಳಲಿಲ್ಲ, ಹಾಡು ಬರುತ್ತದೆಯೇ ಎಂದೂ ಕೇಳಲಿಲ್ಲ.

“ಸಿಟ್ಟ ಬಂದ್ರ ಯಾವ ಭಾಷಾದಾಗ ಬೈತಿ?” ಎಂದರು.

“ಕನ್ನಡದಾಗರೀ.”

“ಪಾಸ್!” ಎಂದು ಅವಲಕ್ಕಿ ತಟ್ಟೆ ಎತ್ತಿಕೊಂಡರು.

ಇಂಥ ಮನೆಯಲ್ಲಿ ನನ್ನ ಮಗ ಉದಗೀರದ ಮರಾಠಿ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದರೆ ಹೇಗಾಗಬೇಡ! ಮಗನದು ನಿಲಂಗಾದಲ್ಲೇ ಔಷಧಿ ಅಂಗಡಿ, ದನದ ಔಷಧಿಯನ್ನೂ ಇಡುತ್ತಾನೆ. ಹುಡುಗಿ ದೇವಣಿಯಲ್ಲಿ ದನದ ಡಾಕ್ಟರು. ಔಷಧಿ ಕೊಳ್ಳಲು ಬಂದವಳು ಅಂಗಡಿಯವನನ್ನೂ ಸೇರಿಸಿ ಕಟ್ಟಿಸಿಕೊಂಡು ಹೋದಳು, ಅಷ್ಟೇ. ಅವನು ವಿಷಯ ಹೇಳಿದಾಗ ಅತ್ತೆ ತೊಗರಿಬೇಳೆ ಆರಿಸುತ್ತಿದ್ದರು. ನಾವೆಲ್ಲ ಆ ಮೊರ ಯಾರ ತಲೆಯ ಮೇಲೆ ಬೀಳುತ್ತದೋ ಎಂದು ನೋಡುತ್ತ ನಿಂತೆವು.

“ದನಕ್ಕ ತಾನಾ ಸೂಜಿ ಚುಚ್ಚತಾಳ?” ಅತ್ತೆ ಕೇಳಿದರು.

“ಹೌದ ಆಯಿ.” ನಮ್ಮ ಕಡೆ ಮೊಮ್ಮಕ್ಕಳು ಅಜ್ಜಿಗೆ ಆಯಿ ಎನ್ನುತ್ತಾರೆ.

“ಹೋರಿಗಿ ಸೈತ?”

“ಹೋರಿಗಿ ಸೈತ.”

“ಮತ್ತ ನೀ ಆಕಿಗಿ ಯಾವ ಲೆಕ್ಕ! ಆಗ್ಲಿ. ಖರೆ ಒಂದ ಮಾತ. ಲಗ್ನ ಅರ್ಧಾ ನಮ್ದು, ಅರ್ಧಾ ಅವರ್ದು. ಗುಂಜಿ ಹೆಚ್ಚಿಲ್ಲ, ಗುಂಜಿ ಕಡಿಮಿ ಇಲ್ಲ.”

ಮಾವನವರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: “ಅರ್ಧಾ ಅಂದ್ರ ಮುಕ್ಕಾಲು ಅಂತ ತಿಳ್ಕೋ ಯವ್ವಾ. ನಂಗ ಅನುಭವ ಅದ.”

ಮಾತುಕತೆಗೆ ಉದಗೀರಕ್ಕೆ ಹೋದೆವು. ಹುಡುಗಿಯ ತಂದೆ ನಿವೃತ್ತ ಶಾಲಾ ಮೇಷ್ಟ್ರು, ತಾಯಿ ನಗುಮೊಗದ ಹೆಂಗಸು. ಮರಾಠಿ ಬಾರದ ಅತ್ತೆಗೆ ನಾನು ದುಭಾಷಿ. ಅವರು ಕನ್ನಡದಲ್ಲಿ ಅಪ್ಪಣೆ ಮಾಡಬೇಕು, ನಾನು ಅದನ್ನು ಮರಾಠಿಯಲ್ಲಿ ಮೆತ್ತಗೆ ಮಾಡಿ ಬೀಗರ ಮುಂದಿಡಬೇಕು.

“ಹೇಳವರಿಗಿ, ನಾವು ಸುರಗಿ ಸುತ್ತತೀವಿ ಅಂತ.”

ಸುರಗಿ ಎಂದರೆ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತಲೂ ನೂಲು ಸುತ್ತಿ, ಒಳಗೆ ಮದುಮಕ್ಕಳನ್ನು ಕೂರಿಸಿ ನೀರು ಹಾಕುವುದು. ನಾನು ಹೊಸ ಬೀಗರೆಂದು ಸಂಕೋಚದಿಂದ, ‘ನಿಮ್ಮ ಒಪ್ಪಿಗೆ ಇದ್ದರೆ ಬಹುಶಃ ಸುರಗಿಯೂ ಮಾಡಬಹುದೇನೋ’ ಎಂಬರ್ಥದಲ್ಲಿ ಮರಾಠಿಯಲ್ಲಿ ಹೇಳಿದೆ. ಅತ್ತೆ ಚಹಾದ ಬಟ್ಟಲು ಕೆಳಗಿಟ್ಟರು.

“ಬಹುಶಃ ಅಂತ ಯಾಕಂದಿ? ನಾ ಬಹುಶಃ ಅಂದೆನೇನ?”

ಬೀಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡು, “ತುಮ್ಹಾಲಾ ಮರಾಠಿ ಕಳತಂ ಕೀ!” ಎಂದರು. ನಿಮಗೆ ಮರಾಠಿ ತಿಳಿಯುತ್ತದಲ್ಲ ಎಂದು.

“ಕಳತಂ. ಯೇತ ನಾಹೀ,” ಎಂದರು ಅತ್ತೆ, ಅದೇ ಮರಾಠಿಯಲ್ಲಿ. ತಿಳಿಯುತ್ತದೆ, ಬರುವುದಿಲ್ಲ!

ಅಲ್ಲಿಂದ ಶುರುವಾಯಿತು ಅರ್ಧ ಮಾಡುವ ಕೆಲಸ. ಅವರಿಗೆ ಅರಿಶಿನದ ದಿನ ಡಿಜೆ ಬೇಕು, ನಮಗೆ ಸುರಗಿ. ತೀರ್ಪು: ಅರಿಶಿನ ನೂಲಿನ ಒಳಗೆ, ಡಿಜೆ ನೂಲಿನ ಹೊರಗೆ. ಅವರು ಹೋಳಿಗೆಯ ಜೊತೆ ಕಟಾಚಿ ಆಮಟಿಯೇ ಆಗಬೇಕೆಂದರು, ನಮ್ಮವರು ಕಟ್ಟಿನ ಸಾರೇ ಆಗಬೇಕೆಂದರು. ಎರಡು ಮನೆಯ ಹೆಂಗಸರೂ ಒಂದು ವಾರ ಫೋನಿನಲ್ಲಿ ಮುಖ ಉಬ್ಬಿಸಿದರು. ಅತ್ತೆ ಎರಡನ್ನೂ ಮಾಡಿಸಿ, ಎರಡು ಬಟ್ಟಲಲ್ಲಿ ಹಾಕಿ, ಯಾವುದು ಯಾವುದೆಂದು ಗುರುತಿಸಲು ಹೇಳಿದರು. ಒಬ್ಬರಿಗೂ ಆಗಲಿಲ್ಲ. ಬೇಳೆ ಬಸಿದ ನೀರು ಬೇಳೆ ಬಸಿದ ನೀರೇ ಅಲ್ಲವೇ?

ಆದರೆ ನಮಗೆ ತಿಳಿಯದೇ ಹೋದದ್ದು ಒಂದೇ. ಅತ್ತೆ ಕನ್ನಡಕ್ಕಾಗಿ ಉದಗೀರದವರ ಮೇಲೆ ಬೀಳುವುದು ಸರಿ. ಮರಾಠಿಗಾಗಿ ನಮ್ಮ ಮೇಲೆ ಬೀಳುವುದು ಯಾಕೆ? ಮುಹೂರ್ತದ ಹೊತ್ತಿಗೆ ಮದುಮಕ್ಕಳ ನಡುವೆ ಅಂತರಪಾಟ ಹಿಡಿಯುವ ಅವರ ಪದ್ಧತಿಗೆ ಲಗ್ನ ಮಾಡಿಸುವ ನಮ್ಮ ಅಯ್ಯನವರು ಮೂಗು ಮುರಿದಾಗ ಅತ್ತೆ ಬಿಡಲಿಲ್ಲ.

“ನಡಬರಕ ಒಂದ ಬಟ್ಟಿ ಹಿಡದ್ರ ನಿಮಗೇನ್ ಸೆಕಿ ಆಗ್ತದೇನ್ರೀ ಅಯ್ಯನೋರ?”

ನನ್ನ ಗಂಡ ಸಹ ಬೇಸತ್ತು ಕೇಳಿದರು: “ಅವ್ವಾ, ನೀ ಯಾರ ಕಡಿಯಾಕಿ? ಅವರೂ ಸಿಟ್ಟಾಗ್ಯಾರ, ನಮ್ಮವರೂ ಸಿಟ್ಟಾಗ್ಯಾರ.”

“ಇಬ್ಬರೂ ಸಮ ಸಿಟ್ಟಾಗ್ಯಾರಿಲ್ಲೋ? ಅಂದ್ರ ತಕ್ಕಡಿ ಸರಿ ಅದ.”

ಕಾಳಿನ ಅಂಗಡಿಯವನ ಹೆಂಡತಿಗೆ ತಕ್ಕಡಿಯ ವಿಷಯ ಹೇಳಿಕೊಡಲು ನಾವು ಯಾರು!

ಮಂಗಲಾಷ್ಟಕಗಳು ಎಂಟು. ಸರಿ, ನಾಲ್ಕು ಮರಾಠಿ, ನಾಲ್ಕು ಕನ್ನಡ. ಈ ವಧೂವರರ ಹೆಸರು ಬರುವ ಕನ್ನಡ ಮಂಗಲಾಷ್ಟಕ ಎಲ್ಲಿಂದ ತರುವುದು? “ನೀ ಬರಿ. ಬಾರಾವಿ ಪಾಸಾಗೀದಿಲ್ಲ?” ಎಂದರು ನನಗೆ. ಹನ್ನೆರಡನೇ ಇಯತ್ತೆ ಪಾಸಾದವರೆಲ್ಲ ಕವಿಗಳೇ? ನಾಲ್ಕು ದಿನ ಅನ್ನ ಸೇರಲಿಲ್ಲ. ಹಾಗೂ ಹೀಗೂ ಬರೆದೆ. ಮದುವೆಯ ದಿನ ಉದಗೀರದ ಮಂಗಲ ಕಾರ್ಯಾಲಯದಲ್ಲಿ ಮರಾಠಿಯ ನಾಲ್ಕು ಸುಸೂತ್ರವಾಗಿ ಮುಗಿದವು. ‘ಸಾವಧಾನ’ ಎಂದಾಗ ಅಕ್ಷತೆ ಬಿದ್ದವು. ನನ್ನ ಕನ್ನಡ ಶುರುವಾಯಿತು ನೋಡಿ, ಉದಗೀರದ ಮಂದಿಗೆ ಎಲ್ಲಿ ಮುಗಿಯುತ್ತದೆ ಎಂದು ಹೇಗೆ ತಿಳಿಯಬೇಕು? ನಾನು ಉಸಿರು ತೆಗೆದುಕೊಂಡಲ್ಲೆಲ್ಲ ಅಕ್ಷತೆ! ಕೆಮ್ಮಿದೆ, ಆಗಲೂ ಅಕ್ಷತೆ! ಐದನೆಯದರ ನಡುವೆಯೇ ಜನರ ಕೈ ಖಾಲಿ. ಕೊನೆಗೆ ಅತ್ತೆ ಮುಂದಿನ ಸಾಲಿನಲ್ಲಿ ಎದ್ದು ನಿಂತು, ತಮ್ಮ ಕೋಲು ಎತ್ತಿದಾಗ ಮಾತ್ರ ಎಸೆಯಬೇಕೆಂದು ಇಡೀ ಮಂಟಪಕ್ಕೆ ಕೂಗಿ ಹೇಳಿದರು. ಯಾವ ಭಾಷೆಯಲ್ಲಿ ಎಂದು ಬೇರೆ ಹೇಳಬೇಕೇ?

ಎಲ್ಲವನ್ನೂ ಅರ್ಧ ಮಾಡಿದೆವು, ಅರ್ಧ ಮಾಡಲು ಬಾರದ್ದು ಒಂದೇ ಉಳಿಯಿತು. ಹೊಸ ಸೊಸೆ ಮನೆಯ ಹೊಸ್ತಿಲಲ್ಲಿ ನಿಂತು ಪ್ರಾಸ ಕಟ್ಟಿ ಗಂಡನ ಹೆಸರು ಹೇಳಬೇಕು. ನಾವು ಒಡಪು ಎನ್ನುತ್ತೇವೆ, ಅವರು ಉಖಾಣಾ ಎನ್ನುತ್ತಾರೆ. ಇರುವುದೇ ಎರಡು ಸಾಲು. ಅದನ್ನು ಯಾವ ಭಾಷೆಯಲ್ಲಿ ಹೇಳಬೇಕು ಎಂದು ನಾನು ಮೊದಲೇ ಕೇಳಿದ್ದೆ. ಅತ್ತೆ “ಹೊಸ್ತಿಲದಾಗ ನಾ ನಿಂದರಾಕಿ. ಅದು ನಾ ನೋಡ್ಕೋತೀನಿ,” ಎಂದರು.

ಚಹಾ ಕೂಡ ಕನ್ನಡದಲ್ಲೇ ಕೇಳಬೇಕಾದ ಮನೆ. ಒಳಗೆ ಬರಲು ಮರಾಠಿ ನಡೆದೀತೇ? ನಾವೆಲ್ಲ ಅರ್ಥ ಮಾಡಿಕೊಂಡೆವು. ಹುಡುಗಿಯೂ ಅರ್ಥ ಮಾಡಿಕೊಂಡಳು. ಮದವೇರಿದ ಹೋರಿಯನ್ನು ಮೂಗುದಾರ ಹಿಡಿದು ನಿಲ್ಲಿಸುವ ಹುಡುಗಿ ನಮ್ಮತ್ತೆಗೆ ಹೆದರಿದಳು! ಎರಡು ತಿಂಗಳು ದಿನವೂ ನನಗೆ ಫೋನು. ನಾನೊಂದು ಒಡಪು ಕಟ್ಟಿಕೊಟ್ಟೆ, ಅವಳು ಅದನ್ನು ದನದ ಔಷಧಿ ಬರೆಯುವ ಚೀಟಿಯಲ್ಲಿ ಮರಾಠಿ ಅಕ್ಷರದಲ್ಲಿ ಬರೆದಿಟ್ಟುಕೊಂಡಳು. “ಬಿಳಿ ಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಹಚ್ಚೀನಿ” ಎಂದು ಅವಳು ಆ ಕಡೆ ಹೇಳುತ್ತಿದ್ದರೆ ಹಿಂದೆ ಎಮ್ಮೆ ಕೂಗುತ್ತಿತ್ತು. ಒಂದು ದಿನ ಅವಳು ಫೋನಿನಲ್ಲಿ ಅತ್ತೇಬಿಟ್ಟಳು. “ಕಾಕೂ, ತಪ್ಪಾದರೆ ಆಜಿ ನನ್ನನ್ನು ಒಳಗೆ ಕರೆದುಕೊಳ್ಳುತ್ತಾರಲ್ಲ?” ಎಂದು ಮರಾಠಿಯಲ್ಲಿ ಕೇಳಿದಳು. ಕರೆದುಕೊಳ್ಳದೆ ಏನು ಎಂದೆ ನಾನು. ನಿಜ ಹೇಳುತ್ತೇನೆ, ನನಗೂ ಧೈರ್ಯವಿರಲಿಲ್ಲ. ಯಾಕೆಂದರೆ ಅತ್ತೆ ಕೂಡ ದಿನವೂ ಅದನ್ನೇ ಕೇಳುತ್ತಿದ್ದರು: “ಆ ಪೋರಿ ಹೆಸರ ಹೇಳೂದು ಕಲ್ತಾಳೇನ?”

ಮದುವೆ ಮುಗಿಸಿ ಸಂಜೆ ನಿಲಂಗಾಕ್ಕೆ ಬಂದೆವು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಒಳಗೆ ಅತ್ತೆ, ಎರಡೂ ಕೈ ಬಾಗಿಲ ಚೌಕಟ್ಟಿಗೆ ಆನಿಸಿ ನಿಂತಿದ್ದರು. ನಾನು ಆರತಿ ತಟ್ಟೆ ಹಿಡಿದು ಅವರ ಪಕ್ಕದಲ್ಲಿ. ಮಾವನವರು ಪಡಸಾಲೆಯ ಕುರ್ಚಿಯಲ್ಲಿ. ಹೊರಗೆ ಓಣಿಯ ಹೆಂಗಸರೆಲ್ಲ.

“ಬಿಳಿ ಜ್ವಾಳದ...” ಎಂದಳು ಹುಡುಗಿ. ನಿಂತಳು. “ಬಿಳಿ ಜ್ವಾಳದ ರೊಟ್ಟಿ...” ಮತ್ತೆ ನಿಂತಳು. ಎರಡು ತಿಂಗಳ ಕಲಿಕೆ ಆ ಬಾಗಿಲ ಮುಂದೆ ಹಾರಿಹೋಯಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನನ್ನ ಮಗ ತಲೆ ತಗ್ಗಿಸಿ ತನ್ನ ಕಾಲಬೆರಳು ನೋಡುತ್ತ ನಿಂತಿದ್ದ.

ಅತ್ತೆ ಗುಡುಗಿದರು. ಹುಡುಗಿಯ ಮೇಲಲ್ಲ, ಮೊಮ್ಮಗನ ಮೇಲೆ.

“ಏನೋ, ನಿಮ್ಮ ಮುತ್ಯಾನಂಗ ಸುಮ್ಮ ನಿಂತೀದಿ? ಆಕಿ ಬಾಯಿ ಒಣಗ್ಲತ್ತದ, ನೀ ಕಾಲ ನೋಡ್ಕೋತ ನಿಂದರ್ತಿ?”

ಪಡಸಾಲೆಯಲ್ಲಿ ಆ ಮುತ್ಯಾನ, ಅಂದರೆ ಅಜ್ಜನಾದ ಮಾವನವರ, ಕುರ್ಚಿ ಕಿರ್ರೆಂದಿತು. ಅತ್ತೆ ಓಣಿಯ ಹೆಂಗಸರ ಕಡೆ ತಿರುಗಿದರು.

“ನಗಬ್ಯಾಡ್ರಿ. ಇದೇ ಹೊಸ್ತಿಲದಾಗ ನನ್ನೂ ನಿಂದರಿಸಿದ್ರು. ಮರಾಠಿ ಒಳಗ ಹೆಸರ ಹೇಳು ಅಂದ್ರು. ನಂಗ ಒಂದ ಅಕ್ಷರ ಬರ್ತಿದ್ದಿಲ್ಲ. ಕನ್ನಡದಾಗ ಹೇಳ್ತೀನ್ರೀ ಅಂದ್ರ ಹಿಂಗೇ ನಕ್ಕರು. ಬಾಜೂಕ ನಿಂತಾರಿಗಿ ಬರ್ತಿತ್ತು, ಕಿವ್ಯಾಗ ಒಂದ ಮಾತ ಹೇಳಿಕೊಡ್ಲಿಲ್ಲ. ಹೆಸರ ಹೇಳ್ಲಾರದೇ ಕಳ್ಳರಂಗ ಒಳಗ ಬಂದೆ. ಮರುದಿನ ಹಿತ್ತಲದಾಗ ಬಂದು ಹೇಳಿಕೊಟ್ರು! ಮರುದಿನ ಯಾರ ಮುಂದ ಹೇಳ್ಲಿ, ಎಮ್ಮಿ ಮುಂದೇನು?”

ಅತ್ತೆ ಹುಡುಗಿಯ ಗಲ್ಲ ಹಿಡಿದು, “ತುಝ್ಯಾ ಭಾಷೇತ ಘೇ, ಬಾಳಾ” ಎಂದರು. ನಿನ್ನ ಭಾಷೆಯಲ್ಲೇ ಹೇಳು ಮಗಾ. ಹುಡುಗಿಗೆ ಈಗ ಅಳು ಒತ್ತಿ ಬಂದು ಯಾವ ಭಾಷೆಯೂ ಬಾಯಿಗೆ ಬರಲೊಲ್ಲದು.

“ತಡಿ ಹಂಗಾರ. ಮೊದ್ಲ ನಾ ಹೇಳ್ತೀನಿ,” ಎಂದು ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡರು. “ಉಂಬರಠ್ಯಾವರ ಮಾಪ, ಮಾಪಾತ ತಾಂದಳಾಚೆ ದಾಣೆ...”

ಹಿತ್ತಲಲ್ಲಿ ಕಲಿತದ್ದೇ ಇರಬೇಕು: ಹೊಸ್ತಿಲ ಮೇಲೆ ಸೇರು, ಸೇರಿನಲ್ಲಿ ಅಕ್ಕಿಯ ಕಾಳು. ಮುಂದೆ ಹೆಸರು ಬರಬೇಕು. ಅತ್ತೆ ನಿಂತುಬಿಟ್ಟರು. ಇಪ್ಪತ್ತೆಂಟು ವರ್ಷದಲ್ಲಿ ನಾನು ಆ ಮುಖ ಕೆಂಪಾದದ್ದನ್ನು ಕಂಡಿದ್ದರೆ ಸಿಟ್ಟಿಗೆ ಮಾತ್ರ. ಎಪ್ಪತ್ತರ ಹೆಂಗಸು ಎಲ್ಲರ ಮುಂದೆ ನಾಚಿಕೊಂಡು ನಿಂತಿದ್ದರು. ಆಗ ಹಿಂದಿನಿಂದ ಮಾವನವರು ತಮ್ಮ ಹೆಸರನ್ನು ತಾವೇ ಹೇಳಿಬಿಟ್ಟರು!

“ನಿಮ್ಮ ಹೆಸರ ನೀವ ಹೇಳ್ಕೊಂಡ್ರ ಹ್ಯಾಂಗ್ರೀ? ಸುಮ್ಮ ಕೂಡ್ರಿ, ಅದು ನಾ ಹೇಳೂದು,” ಎಂದು ಗದರಿ, ಅತ್ತೆ ಓಣಿಯ ಆ ತುದಿಗೆ ಕೇಳುವಂತೆ ಗಂಡನ ಹೆಸರು ಹೇಳಿ, “...ರಾವಾಂಚಂ ನಾವ ಹೇಚ ಮಾಝಂ ಗಾಣೆ” ಎಂದು ಮುಗಿಸಿದರು. ಅವರ ಹೆಸರೇ ನನ್ನ ಹಾಡು. ಸೊಸೆ ಮಾವನ ಹೆಸರು ಬರೆಯಬಾರದು, ಹಾಗಾಗಿ ಆ ಜಾಗ ಖಾಲಿ ಬಿಟ್ಟಿದ್ದೇನೆ. ಮಾವನವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು.

ಆಮೇಲೆ ಹುಡುಗಿ ತನ್ನ ಮರಾಠಿಯಲ್ಲಿ ನನ್ನ ಮಗನ ಹೆಸರು ಹೇಳಿದಳು. ಸೇರಿನ ಅಕ್ಕಿಯನ್ನು ಬೆರಳಿನಿಂದ ಒಳಗೆ ಚೆಲ್ಲಿದಳು. ಆದರೂ ಕಾಲೆತ್ತದೆ, ಕಲಿತ ಕನ್ನಡದಲ್ಲಿ, “ಆಜೀ, ನಾ ಒಳಗ ಬರ್ಲ್ಯಾ?” ಎಂದಳು.

“ನಿನ್ನ ಮನಿಗಿ ಬರ್ಲಾಕ ಯಾರನ್ನ ಕೇಳ್ತಿ ಹುಚ್ಚಿ? ಬಾ,” ಎಂದರು ಅತ್ತೆ. ಅವಳ ಕೈ ಹಿಡಿಯಲು ಅವರೂ ಹೊಸ್ತಿಲು ದಾಟಿ ಹೊರಗೆ ಹೋಗಿದ್ದರು. ನನ್ನ ಆರತಿಯ ದೀಪ ಗಾಳಿಗೋ ಕಣ್ಣೀರಿಗೋ ಆರಿತ್ತು. ಮತ್ತೆ ಹಚ್ಚಿಕೊಂಡು ಬಂದು ಅತ್ತೆ, ಹುಡುಗಿ ಇಬ್ಬರಿಗೂ ಬೆಳಗಿದೆ, ಇಬ್ಬರನ್ನೂ ಒಳಗೆ ಕರೆದುಕೊಂಡೆ.