ನಾನು ಸ್ಥಾಪಿಸಿದ ನಗರ ಚಿಂತನ ಕೇಂದ್ರ

ಊರು ಸುಧಾರಿಸುವ ಎಲ್ಲ ಅರ್ಹತೆಗಳೂ ನನ್ನಲ್ಲಿವೆ ಎಂದು ನನಗೆ ಗೊತ್ತಾದದ್ದು ಹೈದರಾಬಾದಿನಲ್ಲಿ ಒಂದು ಭಾಷಣ ಕೇಳಿದ ದಿನ. ಜನ ಕೂಡಿ ತಮ್ಮ ರಸ್ತೆ, ನೆರಳು, ಬಯಲುಗಳ ಬಗ್ಗೆ ಮಾತಾಡಲು ಪ್ರತಿ ಊರಿಗೂ ಒಂದು ಜಾಗ ಬೇಕು ಎಂದರು ಭಾಷಣಕಾರರು. ಬಸ್ಸು ಜಹೀರಾಬಾದು ಮುಟ್ಟುವಷ್ಟರಲ್ಲಿ, ಬಾಗಿಲು ಮುಚ್ಚಿದ್ದ ನಮ್ಮ ಪಾತ್ರೆ ಅಂಗಡಿ ನನ್ನ ತಲೆಯೊಳಗೆ ನಗರ ಚಿಂತನ ಕೇಂದ್ರವಾಗಿ ಉದ್ಘಾಟನೆಯೂ ಆಗಿಬಿಟ್ಟಿತ್ತು!

ಅವಸರವೂ ಇತ್ತು. ಅಂಗಡಿ ಪಕ್ಕದ ಬಯಲಲ್ಲಿ ಒಂದು ಬೇವಿನ ಮರ. ಝರಾಸಂಗಂ ಬಸ್ಸಿಗೆ ಕಾಯುವವರು, ರಾಯಿಕೋಡ್ ಕಡೆಯಿಂದ ಸಂತೆಗೆ ಬರುವ ಕುರಿಗಾರರು ಕೂರುವುದು ಅದರ ಕೆಳಗೇ. ಪುರಸಭೆಯವರು ಅಲ್ಲಿಗೆ ಬೇಲಿ ಹಾಕಿ ಕಾರು ನಿಲ್ಲಿಸಲು ಕೊಡುತ್ತಾರೆಂಬ ಮಾತು ಎದ್ದಿತ್ತು. ಜನರ ಅಭಿಪ್ರಾಯ ಕೇಳಲು ಮೂರು ವಾರ ಕಳೆದು ಬರುವ ಶುಕ್ರವಾರ ಅಧಿಕಾರಿಯೊಬ್ಬರು ಬರುವವರಿದ್ದರು. ಬಯಲು ಹೋದರೆ ಆ ಜನಕ್ಕೆ ಬಿಸಿಲೇ ಗತಿ. ಅವರನ್ನೆಲ್ಲ ಕೇಂದ್ರದಲ್ಲಿ ಕೂರಿಸಿ ಮಾತಾಡಿಸುವ ಹೊಣೆಯನ್ನು, ಯಾರೂ ಕೇಳದಿದ್ದರೂ, ನಾನೇ ಹೊತ್ತುಕೊಂಡೆ.

ಮೊದಲು ನೆಲಕ್ಕೆ ಫಳಫಳ ಹೊಳೆಯುವ ಬಿಳಿ ಟೈಲ್ಸ್ ಹಾಕಿಸಿದೆ. ಶುಭಕಾರ್ಯವೆಂದು ಶಿವನ ದೊಡ್ಡ ಫೋಟೋ ಇಟ್ಟು, ತೋರಣ ಕಟ್ಟಿ, ಗಂಟೆ ಬಾರಿಸಿ ಪೂಜೆ ಮಾಡಿಸಿದೆ. ಮರುದಿನ ಜನ ಬಂದರು, ನಿಜ! ಹೊರಗೆ ಚಪ್ಪಲಿ ಬಿಟ್ಟು, ಕೈ ಮುಗಿದು, ವಿಭೂತಿ ಹಚ್ಚಿಕೊಂಡು ಹೋದರು. ಒಬ್ಬಾಕೆ ಕಾಯಿಯನ್ನೂ ಒಡೆದಳು. ಎದುರಿನ ಚಹಾ ಅಂಗಡಿಯ ಖಾಜಾ ಭಾಯಿ ಗುಡಿಯ ಮರ್ಯಾದೆಗೆಂದು ತಮ್ಮ ರೇಡಿಯೋ ಸಣ್ಣಗೆ ಮಾಡಿದರು. ರಸ್ತೆಯ ವಿಷಯದಲ್ಲಿ ಮಾತ್ರ ಯಾರೂ ತುಟಿ ಬಿಚ್ಚಲಿಲ್ಲ.

"ಗುಡಿ ಕಟ್ಟೀರಿ, ಛಲೋ ಆತು. ಇನ್ನ ಮಾತಾಡಾಕ ಬ್ಯಾರೆ ಜಾಗ ಹುಡುಕ್ರಿ" ಎಂದಳು ಹೆಂಡತಿ ಮಹಾದೇವಿ.

ಹೆಂಡತಿಯ ಮಾತನ್ನು ಕೂಡಲೇ ಒಪ್ಪುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಫೋಟೋ ಮನೆಗೆ ಸಾಗಿಸಿ, ಆ ಜಾಗದಲ್ಲಿ ನೆಲದ ಮೇಲೆಯೇ ಆದರ್ಶ ಜಹೀರಾಬಾದಿನ ಮಾದರಿ ಮಾಡಿಟ್ಟೆ. ಥರ್ಮಾಕೋಲಿನ ಕಟ್ಟಡಗಳು, ಕಡ್ಡಿಪೆಟ್ಟಿಗೆಯ ಬೆಂಚುಗಳು. ಉದ್ಯಾನ ಜೀವಂತವಾಗಿರಲೆಂದು ತಟ್ಟೆಯಲ್ಲಿ ಬೆಳೆಸಿದ ಗೋಧಿ ಸಸಿ. ಅಧಿಕಾರಿ ಬರುವ ಶುಕ್ರವಾರ ಬೆಳಿಗ್ಗೆ ಮರದಡಿ ಕೂತಿದ್ದ ಕುರಿಗಾರ ಬೀರಪ್ಪನನ್ನು ಒತ್ತಾಯ ಮಾಡಿ ಒಳಗೆ ಕರೆತಂದೆ. ಅವನ ಬೆನ್ನಿಗೆ ಅವನ ಸಾಕು ಟಗರೂ ಬಂತು. ಟೈಲ್ಸ್ ಮೇಲೆ ಜಾರಿದ ಬೀರಪ್ಪ ಗೋಡೆ ಹಿಡಿಯುವಷ್ಟರಲ್ಲಿ ಟಗರು ಊರಿನ ಏಕೈಕ ಉದ್ಯಾನವನ್ನು ಮೇದು, ಬಸ್ ನಿಲ್ದಾಣವನ್ನು ತುಳಿದು, ನಗರ ಯೋಜನೆಯ ಬಗ್ಗೆ ತನ್ನ ಅಭಿಪ್ರಾಯವನ್ನು ಹಿಕ್ಕೆಯ ರೂಪದಲ್ಲಿ ಸಲ್ಲಿಸಿತು!

"ಹೊರಗ ಹೋಗೂನ್ರಿ ಸಾವ್ಕಾರ್ರ. ಇಲ್ಲಿ ಕಾಲ್ ಊರಾಕ ಅಂಜಿಕಿ ಬರ್ತದ" ಎಂದು ಬೀರಪ್ಪ ಟಗರಿನೊಂದಿಗೆ ನಡೆದ. ನಾನು ಮೊಣಕಾಲೂರಿ ನೆಲ ಒರೆಸತೊಡಗಿದೆ. ಅಧಿಕಾರಿ ಬಂದದ್ದೂ ಅದೇ ಹೊತ್ತಿಗೆ.

ಹೊರಗೆ ನಗು ಕೇಳಿ ಇಣುಕಿದೆ. ಬೇವಿನ ಕೆಳಗೆ ಮಹಾದೇವಿ ಮನೆಯ ಜಮಖಾನ ಹಾಸಿದ್ದಳು. ಬಸ್ಸಿಗೆ ಕಾಯುವ ಹೆಂಗಸರು, ಬೀರಪ್ಪ, ಖಾಜಾ ಭಾಯಿ, ನಡುವೆ ಅಧಿಕಾರಿ. ಒಬ್ಬರು ತೆಲುಗಿನಲ್ಲಿ, ಒಬ್ಬರು ಉರ್ದುವಿನಲ್ಲಿ ಹೇಳಿದ್ದನ್ನು ಇವಳು ಎಲ್ಲರಿಗೂ ತಿಳಿಯುವಂತೆ ದಾಟಿಸುತ್ತಿದ್ದಳು. ಅಂಜುತ್ತ ಕೂತ ಮುದುಕಿಯ ಬಾಯಿಂದಲೂ ಮಾತು ಹೊರಡಿಸಿದಳು. ಕೊನೆಗೆ ಅಧಿಕಾರಿಗೆ ಹೇಳಿದಳು:

"ಸಾಹೇಬ್ರ, ಇವತ್ತ ನೀವು ಕುಂತು ಚಹಾ ಕುಡಿಯಾಕ ಇಲ್ಲಿ ನೆಳ್ಳದ. ಬೇಲಿ ಹಾಕಿದ್ರ ಈ ನೆಳ್ಳು ಕಾರಿಗೆ ಬೀಳ್ತದ, ಮಂದಿಗಿಲ್ಲ."

ಅಧಿಕಾರಿ ಮರ ನೋಡಿದರು, ಮಂದಿಯನ್ನು ನೋಡಿದರು. ಬೇಲಿ ಬೇಡವೆಂದೇ ವರದಿ ಕೊಡುತ್ತೇನೆಂದರು. ಕೊಟ್ಟರು ಕೂಡ. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತ ನನಗೆ ಹೆಂಡತಿಯ ಮೇಲಿನ ಅಭಿಮಾನಕ್ಕೆ ಕಣ್ಣು ತುಂಬಿ ಬಂತು.

ಈಗ ಪ್ರತಿ ಶುಕ್ರವಾರ ಬಯಲಲ್ಲೇ ಸಭೆ. ಕೇಂದ್ರವೂ ನಡೆಯುತ್ತಿದೆ: ಸಂಸ್ಥಾಪಕ ಅಧ್ಯಕ್ಷನಾದ ನಾನು ಷಟರ್ ಎತ್ತಿ ಜಮಖಾನ ಹೊರತರುತ್ತೇನೆ, ಸಭೆ ಮುಗಿದ ಮೇಲೆ ಕೊಡವಿ, ಮಡಿಸಿ ಒಳಗಿಡುತ್ತೇನೆ. ಮಡಿಸುವುದು ಸರಿಯಿಲ್ಲವೆಂದು ಹೋದ ವಾರ ಹೆಂಗಸರು ಬಾಗಿಲಿಗೇ ಬಂದು ದೂರಿದರು. ನಮ್ಮ ಕೇಂದ್ರಕ್ಕೆ ಬಂದ ಮೊದಲ ಸಾರ್ವಜನಿಕ ಅಹವಾಲು ಅದು.