ಮಾತು ಮುಗಿಯುವ ಮೊದಲೇ ಅಂಕಿ ತೋರಿಸುವ ಕ್ಯಾಲ್ಕುಲೇಟರ್ ಅವರಿಗೆ

ಮಾನ್ಯರೇ,

ನಮ್ಮ ಗಾಜಿನ ಅಂಗಡಿಯ ಮೇಜನ್ನು ಬಹುಕಾಲದಿಂದ ಅಲಂಕರಿಸಿರುವ, ಮೂಲೆ ಒಡೆದರೂ ಗತ್ತು ಬಿಡದ, ಹಸಿರು ಅಂಕಿಗಳ ತಮಗೆ ಇದೇ ಮೇಜಿನ ಗುಮಾಸ್ತನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಬ್ಯಾಟರಿ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ.

ಯಾರು ಯಾವ ಅಳತೆ ಹೇಳಿದರೂ ಅದನ್ನು ತಮ್ಮ ಮೇಲೆ ಒತ್ತಿ, ತಾವು ತೋರಿಸಿದ್ದನ್ನು ನಾನು ಗಟ್ಟಿಯಾಗಿ ಓದುವುದು, ನನಗೆ ಬೆನ್ನು ಹಾಕಿ ನಿಂತ ಭಾವ ಅದನ್ನು ಕೇಳಿ ಗಾಜು ಕೊಯ್ಯುವುದು ನಮ್ಮ ಅಂಗಡಿಯ ಪದ್ಧತಿ. ತಮ್ಮ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು. ಮೊದಲು ಬಂದ ಅಂಕಿ ಬಲತುದಿಯಲ್ಲಿ ಕೂತು, ತಾನೇ ಪೂರ್ತಿ ಸಂಖ್ಯೆ ಎಂಬಂತೆ ಹೊಳೆಯುತ್ತದೆ; ಇನ್ನೊಂದು ಬಂದೊಡನೆ ಬಸ್ಸಿನ ಸೀಟಿನಲ್ಲಿ ಸರಿದಂತೆ ಎಡಕ್ಕೆ ಸರಿದು ಜಾಗ ಬಿಡುತ್ತದೆ. ಆದರೆ ಸರಿದ ಮಾತ್ರಕ್ಕೇ ಬಿಡಿ ಹತ್ತಾಗಿ, ಹತ್ತು ನೂರಾಗಿ ಬಡ್ತಿ ಪಡೆಯುವುದನ್ನು, ಇಷ್ಟು ವರ್ಷ ಕೂತಲ್ಲೇ ಕೂತ ನಾನು ಹೇಗೆ ಸಹಿಸಲಿ?

ಭಾವನ ಹೆಂಡತಿ, ಅಂದರೆ ನನ್ನ ಸ್ವಂತ ಅಕ್ಕ, ಹೊಸದಾಗಿ ತೆರೆಯುವ ಹೊಲಿಗೆ ಅಂಗಡಿಗೆ ಆಳೆತ್ತರದ ಕನ್ನಡಿ ಬೇಕೆಂದು ಬಾಗಿಲಲ್ಲೇ ನಿಂತು ಅಳತೆ ಹೇಳಿದಳು. ನಾನು ಒತ್ತುತ್ತಾ, ತಾವು ತೋರಿಸಿದಂತೆಲ್ಲ ಓದುತ್ತಾ ಹೋದೆ. ಒಂದು ಎಂದಾಗ ಭಾವ ವಜ್ರದ ಮೊನೆಯ ಕಟ್ಟರ್ ಎತ್ತಿಕೊಂಡರು; ಹದಿನಾರು ಎಂದಾಗ ಅಳತೆಪಟ್ಟಿ ಇಟ್ಟರು; ನೂರ ಅರವತ್ತೈದು ಎಂದಾಗ ಗೀರಿ ಮುರಿದೇ ಬಿಟ್ಟರು. ಸಾವಿರದ ಆರುನೂರ ಐವತ್ತು ಮಿಲಿಮೀಟರ್ ಎಂದು ನಾನು ಕಿರುಚಿದ್ದಕ್ಕೆ ಅವರು ಬೆಚ್ಚಿಬಿದ್ದು, ಉಳಿದ ಕನ್ನಡಿ ಕೈಜಾರಿ ಚೂರುಚೂರಾಯಿತು.

ಈಗ ಅಕ್ಕನ ಅಂಗಡಿಯ ಗೋಡೆಯಲ್ಲಿ ಒಂದು ಗೇಣೂ ಇಲ್ಲದ ಕನ್ನಡಿಯ ಪಟ್ಟಿ ನೇತಾಡುತ್ತಿದೆ. ಕೊರಳಪಟ್ಟಿ ನೋಡಿಕೊಂಡ ಗಿರಾಕಿಗಳು ಸೊಂಟ ನೋಡಿಕೊಳ್ಳಲು ಸ್ಟೂಲ್ ಹತ್ತುತ್ತಾರೆ. ಕೊಯ್ದ ಗಂಡನಿಗೆ ಕ್ಷಮೆ ಸಿಕ್ಕಿತು, ಓದಿದ ತಮ್ಮನೊಂದಿಗೆ ಅಕ್ಕ ಮಾತು ಬಿಟ್ಟಳು. ಚಿಕ್ಕಂದಿನಿಂದ ಬೈಯುತ್ತಲೇ ಸಾಕಿದವಳು ಸುಮ್ಮನಾದರೆ ಊಟವೂ ಸೇರುವುದಿಲ್ಲ, ಸ್ವಾಮಿ.

ಆದಕಾರಣ, ಮೊದಲ ಅಂಕಿ ಒಳಗೆ ಕಾಲಿಡುವಾಗಲೇ ಹಿಂದೆ ಇನ್ನೆಷ್ಟು ಮಂದಿ ಬರುತ್ತಿದ್ದಾರೆಂದು ವಿಚಾರಿಸಿ, ಎಲ್ಲರೂ ಬಂದ ಮೇಲಷ್ಟೇ ದೀಪ ಹಚ್ಚಬೇಕೆಂದೂ, ಅದು ಆಗದಿದ್ದರೆ ಅಕ್ಕನ ಬಳಿ ಖುದ್ದಾಗಿ ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದೂ ಕೈಮುಗಿದು ಬೇಡುತ್ತೇನೆ.

ಬೇರೆ ದಾರಿಯಿಲ್ಲದೆ ಈಗಲೂ ತಮ್ಮನ್ನೇ ಒತ್ತುತ್ತಿರುವ,
ತಮ್ಮ ವಿಶ್ವಾಸಿ,
ಗಾಜಿನಂಗಡಿ ಗುಮಾಸ್ತ

ವಿ.ಸೂ.: ಈ ಪತ್ರ ಓದಿದ ಅಕ್ಕ ಕೊನೆಗೂ ಬಾಯಿ ಬಿಟ್ಟಳು. “ಅಲ್ಲ ಕಣೋ, ಕೂಡೋಕೇನಿಲ್ಲ, ಕಳೆಯೋಕೇನಿಲ್ಲ. ನಾನು ಅಳತೆ ಹೇಳಿದ್ದು ನಿಮ್ಮ ಭಾವನಿಗೂ ಕೇಳಿಸಿತ್ತು. ಮಧ್ಯೆ ಆ ಡಬ್ಬಿ ಯಾಕೆ, ನೀನ್ಯಾಕೆ?” ಎಂದಳು. ಇದಕ್ಕೆ ಉತ್ತರ ಗೊತ್ತಿದ್ದರೂ ದಯವಿಟ್ಟು ತೋರಿಸಬೇಡಿ. ಭಾವ ಇತ್ತ ತಿರುಗಿ ನಿಂತಿದ್ದಾರೆ.